ಮಳೆಗಾಲದ ಶುಕ್ರವಾರದ ಆಟ

ಸಿನಿಮಾ ನೋಡುವಾಗ ಮಾತಾಡಬಾರದು ಎಂದು ಈಗ ನನ್ನ ಮೊಮ್ಮಗಳು ನನಗೆ ಬುದ್ಧಿ ಹೇಳುತ್ತಾಳೆ. ಹೇಳಲಿ. ನಾನು ಮಾತಾಡುತ್ತೇನೆ. ಮಡಿಕೇರಿಯ ಅರ್ಧ ಹೆಂಗಸರಿಗೆ ಮಾತಾಡಿಯೇ ಸಿನಿಮಾ ತೋರಿಸಿದವಳು ನಾನು. ಅದಕ್ಕಾಗಿ ಬೈಸಿಕೊಂಡಿದ್ದೇನೆ, ಇನ್ನೇನು ಗಂಡನ ಮನೆಯನ್ನೇ ಬಿಡಬೇಕಾಗುವಷ್ಟು ದೂರ ಹೋಗಿ ನಿಂತಿದ್ದೇನೆ. ಆದರೂ ಇವತ್ತಿಗೂ ನನಗೆ ಒಂದು ಚೂರೂ ಪಶ್ಚಾತ್ತಾಪ ಇಲ್ಲ.

ಕೊಡಗು ಆಗ ತನ್ನಷ್ಟಕ್ಕೆ ಒಂದು ರಾಜ್ಯ, ಮಡಿಕೇರಿ ಅದರ ರಾಜಧಾನಿ. ಕೋಟೆಯ ಒಳಗೆ ಸರಕಾರ, ಹೊರಗೆ ನಾವು. ರಾಜಧಾನಿಯವರು ಎಂದು ನಾವು ಜಂಬ ಕೊಚ್ಚಿಕೊಳ್ಳುತ್ತಿದ್ದರೂ ಒಂದು ಮನೆಯಲ್ಲಿ ಬೆಳಿಗ್ಗೆ ಒಗ್ಗರಣೆ ಸೀದರೆ ಸಂಜೆಯೊಳಗೆ ಆ ಸುದ್ದಿ ಎಲ್ಲ ಕೇರಿಗಳನ್ನೂ ಸುತ್ತಿ ಬರುತ್ತಿತ್ತು. ಮನರಂಜನೆಗೇನೂ ಕಡಿಮೆ ಇರಲಿಲ್ಲ. ಮೈದಾನದಲ್ಲಿ ಹಾಕಿ, ಕ್ಲಬ್ಬಿನಲ್ಲಿ ಇಸ್ಪೀಟು, ಹೋಟೆಲಿನಲ್ಲಿ ರೇಡಿಯೋ, ಸರಕಾರಿ ನೌಕರರ ನಾಟಕ. ಇವೆಲ್ಲ ಗಂಡಸರಿಗೆ. ನಮಗಿದ್ದದ್ದು ಶುಕ್ರವಾರ. ಶುಕ್ರವಾರ ಸಂತೆ, ಸಂತೆಗೆ ಬಂದವರಿಗಾಗಿ ಟಾಕೀಸಿನಲ್ಲಿ ಮಧ್ಯಾಹ್ನದ ಆಟ.

ಟಾಕೀಸು ಅಂದರೆ ತಗಡಿನ ಮಾಡಿನ ಒಂದು ದೊಡ್ಡ ಕೊಟ್ಟಿಗೆ. ನಡುವೆ ಸೊಂಟದೆತ್ತರದ ಗೋಡೆ, ಆ ಕಡೆ ಗಂಡಸರು, ಈ ಕಡೆ ನಾವು. ಬೆನ್ನಿಗೆ ಆಸರೆಯಿಲ್ಲದ ಬೆಂಚುಗಳು. ಒದ್ದೆ ಕಂಬಳಿ, ಒದ್ದೆ ಕೊಡೆ, ಸಂತೆಯ ಒಣಮೀನು, ಹುರಿದ ಕಡಲೆ, ಎಲ್ಲದರ ವಾಸನೆ ಸೇರಿ ಅಲ್ಲಿ ಒಂದೇ ವಾಸನೆ. ನಾಯಕ ನಾಯಕಿ ಮರ ಸುತ್ತುವ ಹೊತ್ತಿಗೆ ಸರಿಯಾಗಿ ಯಾರದೋ ಕಾಲಿನಿಂದ ಜಿಗಣೆ ಉದುರಿ ಒಂದು ಬೆಂಚಿನವರೆಲ್ಲ ಸೀರೆ ಎತ್ತಿಕೊಂಡು ಎದ್ದು ನಿಲ್ಲುವುದು ಮಾಮೂಲು.

ನಾನು ಆ ಊರಿಗೆ ಹೊಸಬಳು. ನನ್ನ ಅಪ್ಪ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ ಬರೆಯುವ ಗುಮಾಸ್ತ. ಲೈನಿನ, ಅಂದರೆ ಆಳುಗಳ ಸಾಲುಮನೆಗಳ, ಮಕ್ಕಳ ಜೊತೆ ಆಡಿ ಬೆಳೆದ ನನಗೆ ತಮಿಳು, ಮಲಯಾಳ, ತುಳು ಎಲ್ಲ ಬಾಯಿಗೆ ಬರುತ್ತಿತ್ತು. ಅಂಥವಳನ್ನು ಮಡಿಕೇರಿಯ ಒಬ್ಬ ಅರ್ಚಕರ ಮಗನಿಗೆ, ಶಾಲೆಯ ಮೇಷ್ಟ್ರಿಗೆ, ಕೊಟ್ಟರು. ಆ ಮನೆಯಲ್ಲಿ ಕನ್ನಡವನ್ನೂ ಪಿಸುಮಾತಿನಲ್ಲೇ ಆಡಬೇಕಿತ್ತು. ಮಾವ ಮಾತಾಡುತ್ತಿದ್ದರು, ಉಳಿದವರು ಕೇಳುತ್ತಿದ್ದೆವು.

ಮಾವ ದೇವಸ್ಥಾನದಿಂದ ಬಂದವರು ಅಂಗಳದ ಕಲ್ಲಿನ ಮೇಲೆ ನಿಲ್ಲುತ್ತಿದ್ದರು. ಅತ್ತೆ ಚೊಂಬಿನಲ್ಲಿ ನೀರು ತಂದು, ಬಗ್ಗಿ, ಅವರ ಕಾಲಿಗೆ ಹೊಯ್ದು, ಕೈಯಿಂದ ಉಜ್ಜಿ ತೊಳೆಯಬೇಕು. ಮದುವೆಯಾಗಿ ಬಂದ ದಿನದಿಂದ ಅತ್ತೆ ಅದನ್ನು ಮಾಡಿಕೊಂಡು ಬಂದಿದ್ದರು. ಮಳೆಗಾಲದಲ್ಲಂತೂ ದಾರಿಯುದ್ದಕ್ಕೂ ಮಳೆಯೇ ತೊಳೆದು ಬಿಳುಚಿದ ಕಾಲು ಅದು. ಆದರೂ ಮಾಡಿನ ನೀರು ಅತ್ತೆಯ ಬೆನ್ನ ಮೇಲೆ ಸುರಿಯುತ್ತಿರುವಾಗ ಮತ್ತೆ ತೊಳೆಯಬೇಕು. ಅವರ ಬೆರಳ ಗಂಟುಗಳು ಚಳಿಗೆ ಊದಿರುತ್ತಿದ್ದವು. ನೋಡಿ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು. "ನಾನು ತೊಳೀತೇನೆ ಅತ್ತೆ" ಎಂದರೆ, "ನಿನ್ನ ಸರದಿ ನಿನಗೂ ಬರ್ತದೆ, ಅವಸರ ಮಾಡ್ಬೇಡ" ಎನ್ನುತ್ತಿದ್ದರು. ಅದು ತಮಾಷೆಯೋ ಎಚ್ಚರಿಕೆಯೋ ನನಗೆ ಆಗ ತಿಳಿಯಲಿಲ್ಲ.

ಇಂಥ ಮನೆಯಿಂದ ನಾವಿಬ್ಬರು ಟಾಕೀಸಿಗೆ ಹೋದದ್ದಾದರೂ ಹೇಗೆ? ಒಮ್ಮೆ ದೇವರ ಸಿನಿಮಾ ಬಂತು. ಮಾವನೇ ಹೋಗಿ ಬನ್ನಿ ಎಂದರು. ಮರುವಾರ ಬೇರೆ ಸಿನಿಮಾ. ಎಂಥದ್ದು ಎಂದು ಮಾವ ಕೇಳಿದಾಗ ಅತ್ತೆ ತಲೆ ಎತ್ತದೆ "ದೇವರದ್ದೇ" ಎಂದುಬಿಟ್ಟರು. ಅಲ್ಲಿಂದ ಮುಂದೆ ಮಡಿಕೇರಿಗೆ ಬಂದ ಕತ್ತಿವರಸೆ, ಕುದುರೆ ಸವಾರಿ, ಕ್ಯಾಬರೆ ಎಲ್ಲವೂ ನಮ್ಮ ಮನೆಯ ಮಟ್ಟಿಗೆ ದೇವರ ಸಿನಿಮಾಗಳೇ. ಅತ್ತೆ ಯಾರಿಗೂ ಮೈ ತಾಗಿಸದ ಹಾಗೆ ಬಾಗಿಲ ಪಕ್ಕದ ಕೊನೆಯ ಬೆಂಚಿನ ತುದಿಯಲ್ಲಿ ಕೂರುತ್ತಿದ್ದರು. ಮನೆಗೆ ಬಂದು ಸ್ನಾನ ಮಾಡಿದರೆ ಎಲ್ಲ ಸರಿಹೋಗುತ್ತಿತ್ತು. ನಾನು ಮಾತ್ರ ಮುಂದಿನ ಬೆಂಚು ಹಿಡಿಯುತ್ತಿದ್ದೆ.

ಬರುತ್ತಿದ್ದ ಸಿನಿಮಾಗಳು ಹೆಚ್ಚಿನವು ತಮಿಳು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಕೊಡವ ಹೆಂಗಸು, ನಮ್ಮ ಪಕ್ಕದ ಮನೆಯವರೇ, ಒಂದು ದಿನ ನನ್ನ ಮೊಣಕೈ ತಿವಿದು "ಅಂವ ಎಂತ ಹೇಳ್ತಿದ್ದಾನೆ ಮಾರಾಯ್ತಿ?" ಎಂದರು. ಹೇಳಿದೆ. ಹಿಂದಿನಿಂದ "ಎಂದಾ ಪರಞ್ಞದ್?" ಎಂದು ಒಬ್ಬಳು ಬಗ್ಗಿದಳು. ಅವಳಿಗೆ ಮಲಯಾಳದಲ್ಲಿ ಹೇಳಿದೆ. "ಆಯೆ ದಾದ ಪಂಡೆ?" ಎಂದು ತುಳುವಿನಲ್ಲಿ ಇನ್ನೊಬ್ಬಳು. ಎರಡು ವಾರ ಕಳೆಯುವುದರೊಳಗೆ ನಾನು ಬಾರದೆ ಆಟ ಶುರುವಾದರೆ ನಮ್ಮ ಕಡೆಯ ಬೆಂಚುಗಳಲ್ಲಿ ಗೊಣಗಾಟ ಏಳುವಷ್ಟಾಯಿತು.

ಆಮೇಲೆ ಮಳೆ ಹಿಡಿಯಿತು. ಮಡಿಕೇರಿಯ ಆಷಾಢದ ಮಳೆ ತಗಡಿನ ಮೇಲೆ ಬಿದ್ದರೆ ಪರದೆಯ ಮೇಲಿನವರು ಬಾಯಿ ಆಡಿಸುವುದು ಕಾಣುತ್ತದೆ, ಅಷ್ಟೇ. ಪಕ್ಕದವಳ ಕಿವಿಗೆ ಬಾಯಿಟ್ಟು ಕೂಗಿದರೆ ಅವಳಿಗೆ ಮಾತ್ರ ಕೇಳಿಸೀತು. ನಾನು ಹಿಂದೆ ತಿರುಗಿ ಎರಡನೆಯ ಬೆಂಚಿಗೆ ಕೂಗಿ ಹೇಳುವುದು, ಅವರು ತಿರುಗಿ ಮೂರನೆಯ ಬೆಂಚಿಗೆ ತಮ್ಮ ತಮ್ಮ ಭಾಷೆಯಲ್ಲಿ ಹೇಳುವುದು, ಹೀಗೆ ಮಾತು ಕೈಯಿಂದ ಕೈಗೆ ಸಾಗಿ ಕೊನೆಯ ಬೆಂಚಿನ ಅತ್ತೆಯವರೆಗೆ ಹೋಗುತ್ತಿತ್ತು. ಮುಂದಿನ ಬೆಂಚಿನಲ್ಲಿ ನಾಯಕಿ ಸತ್ತು ಹೋದಾಗ ಹಿಂದಿನ ಬೆಂಚಿನಲ್ಲಿ ಅವಳಿಗೆ ಇನ್ನೂ ಹೆಣ್ಣು ನೋಡುವ ಶಾಸ್ತ್ರ ನಡೆಯುತ್ತಿರುತ್ತಿತ್ತು. ಯಾರೂ ಬೇಸರ ಮಾಡಿಕೊಂಡದ್ದಿಲ್ಲ.

ಮಳೆಯಲ್ಲಿ ನನಗೇನು ಕೇಳಿಸುತ್ತಿತ್ತು ಎನ್ನುತ್ತೀರಾ? ಏನೂ ಇಲ್ಲ. ಹೇಳು ಹೇಳು ಎಂದು ಬೆನ್ನಿಗೆ ತಿವಿಯುವವರಿದ್ದಾಗ ಸುಮ್ಮನೆ ಕೂರಲು ನನ್ನಿಂದ ಆಗುವುದಿಲ್ಲ. ಕಟ್ಟಿ ಹೇಳಿದೆ. ಅಪ್ಪನ ಎದುರು ಗುಬ್ಬಚ್ಚಿಯ ಹಾಗೆ ನಿಂತ ಮಗಳ ಬಾಯಲ್ಲಿ ಒಂದೆರಡು ಖಾರದ ಮಾತು ಹಾಕಿದೆ. ಸೊಸೆಗೆ ಬೈಯುವ ಅತ್ತೆಯ ಬಾಯಲ್ಲಿ ಸಾರಿಗೆ ಉಪ್ಪು ಕಡಿಮೆಯಾದದ್ದರ ಬಗ್ಗೆ ಮಾತ್ರ ಮಾತು ಹಾಕಿದೆ. ಸಿನಿಮಾದವರು ಬರೆದ ಕಥೆಗಿಂತ ನನ್ನದು ಚೆನ್ನಾಗಿತ್ತು. ಈಗಲೂ ಹಾಗೇ ಹೇಳುತ್ತೇನೆ.

ಹೀಗಿರುವಾಗ ಒಂದು ವಾರ ಬಂದದ್ದು ಒಬ್ಬ ಪತಿವ್ರತೆಯ ಕಥೆ. ಗಂಡ ಕುಣಿಯುವವಳ ಹಿಂದೆ ಹೋಗಿ, ಮನೆ ಮಠ ಕಳೆದು, ಕೆಮ್ಮುತ್ತಾ ಬಾಗಿಲಿಗೆ ಬಂದು ನಿಂತಿದ್ದಾನೆ. ಹೆಂಡತಿ ಚೊಂಬಿನಲ್ಲಿ ನೀರು ಹಿಡಿದು ಓಡಿ ಬಂದಳು. ಚೊಂಬು ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೇಲೆ ಮಳೆ ಹೊಡೆಯುತ್ತಿತ್ತು. ಇನ್ನು ಅವಳು ಬಗ್ಗುತ್ತಾಳೆ ಎಂದು ನನಗೆ ಗೊತ್ತಾಯಿತು. ನಮ್ಮ ಅಂಗಳದ ಕಲ್ಲು ಕಣ್ಣೆದುರು ಬಂತು. ಹಿಂದೆ ತಿರುಗಿ ಕೂಗಿ ಹೇಳಿದೆ: "ಅವಳು ಹೇಳ್ತಾಳೆ, ನೀರು ಇಟ್ಟಿದ್ದೇನೆ, ಕಾಲು ತೊಳ್ಕೊಂಡು ಒಳಗೆ ಬನ್ನಿ."

ಅಷ್ಟೇ ನಾನು ಹೇಳಿದ್ದು. ಎರಡನೆಯ ಬೆಂಚು ಒಂದಿಷ್ಟು ನಕ್ಕಿತು, ಮೂರನೆಯದೂ ನಕ್ಕಿತು. ಮಾತು ಹಿಂದಕ್ಕೆ ಹೋಯಿತು. ಪ್ರತಿ ಸಲ ನಗು ಹೀಗೆ ಮುಂದಿನಿಂದ ಹಿಂದಕ್ಕೆ ಹೋಗಿ ಬಾಗಿಲ ಹತ್ತಿರ ಮುಗಿಯುತ್ತಿತ್ತು. ಆ ದಿನ ಮುಗಿಯಲಿಲ್ಲ. ಒಂದು ಗಳಿಗೆ ಬಿಟ್ಟು ಹಿಂದಿನಿಂದ ದೊಡ್ಡ ನಗು ಹೊರಟು ಬೆಂಚು ಬೆಂಚು ದಾಟಿ ಮುಂದಕ್ಕೆ ಬಂತು, ಅದರ ಜೊತೆ ಒಂದು ಮಾತೂ ಬಂತು. ನನ್ನ ಹಿಂದಿನವಳು ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಕಿವಿಗೆ ಹೇಳಿದಳು: "ಚೊಂಬು ಅಲ್ಲುಂಟು. ಕೈ ನಿಮಗೂ ಉಂಟು."

ಪರದೆಯ ಮೇಲೆ ಹೆಂಡತಿ ಬಗ್ಗಿ ಕಾಲು ತೊಳೆದೇ ತೊಳೆದಳು. ಯಾರು ನೋಡಿದರು? ಎಲ್ಲರೂ ಒಬ್ಬರಿಗೊಬ್ಬರು ತಿರುಗಿ ಹೊಟ್ಟೆ ಹಿಡಿದುಕೊಂಡಿದ್ದೆವು. ಗೋಡೆಯ ಆಚೆ ಮೂಗು ಒರೆಸಿಕೊಳ್ಳುತ್ತಿದ್ದ ಗಂಡಸರು ತಿರುಗಿ ನಮ್ಮನ್ನೇ ದುರುಗುಟ್ಟಿ ನೋಡಿದರು.

ಆ ಮಾತು ಟಾಕೀಸಿನಲ್ಲಿ ಉಳಿಯಲಿಲ್ಲ. ಸಂತೆಯ ಚೀಲದೊಳಗೆ ಕೂತು ಮನೆ ಮನೆಗೆ ಹೋಯಿತು. ಕೂತಲ್ಲೇ ಕಾಫಿ ಕೇಳಿದ ಅಂಗಡಿಯವನಿಗೆ, ಟವೆಲು ಕೊಡು ಎಂದ ಪೋಲೀಸಿನವನಿಗೆ, ಅಷ್ಟು ದೂರದ ಬಿಟ್ಟಂಗಾಲದ ತೋಟದಲ್ಲಿ ಬೂಟು ಬಿಚ್ಚು ಎಂದ ಸಾಹುಕಾರನಿಗೆ, ಎಲ್ಲರಿಗೂ ಅದೇ ಉತ್ತರ ಸಿಕ್ಕಿತಂತೆ: "ಕೈ ನಿಮಗೂ ಉಂಟಲ್ಲ." ನಮ್ಮ ಪಕ್ಕದ ಕೊಡವ ಹೆಂಗಸು ಬೇಲಿಯ ಆಚೆಯಿಂದ ಇದನ್ನೆಲ್ಲ ವರದಿ ಮಾಡಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆಮೇಲೆ ಟಾಕೀಸಿನ ಮ್ಯಾನೇಜರ್ ರಸ್ತೆಯಲ್ಲಿ ಸಿಕ್ಕಿ, "ಅಮ್ಮ, ಬಾಯಿ ಮುಚ್ಚಿ ನೋಡುವುದಾದರೆ ಮಾತ್ರ ಇನ್ನು ನಿಮಗೆ ಟಿಕೆಟ್" ಎಂದ. "ಮೊದಲು ಮಳೆಗೆ ಹೇಳಿ ಬಾಯಿ ಮುಚ್ಚಲಿಕ್ಕೆ" ಎಂದು ನಾನು ಮುಂದೆ ನಡೆದೆ.

ಆದರೆ ವಿಷಯ ಅವನಲ್ಲಿಗೆ ನಿಲ್ಲಲಿಲ್ಲ. ಊರಿನ ನಾಲ್ಕು ದೊಡ್ಡವರು ದೇವಸ್ಥಾನಕ್ಕೇ ಬಂದು ಮಾವನ ಹತ್ತಿರ ದೂರು ಕೊಟ್ಟರು ಎಂದು ನನ್ನ ಗಂಡ ಶಾಲೆಯಿಂದ ಬರುವಾಗಲೇ ಸುದ್ದಿ ತಂದರು. "ಅಪ್ಪ ನಿನ್ನನ್ನು ಸುಂಟಿಕೊಪ್ಪಕ್ಕೆ ಕಳಿಸ್ತಾರಂತೆ. ತಪ್ಪಾಯ್ತು ಅಂತ ಒಂದು ಮಾತು ಹೇಳಿಬಿಡು" ಎಂದರು. ತವರಿಗೆ ಕಳಿಸಿದರೆ ಮತ್ತೆ ಯಾವಾಗ ಕರೆಸುತ್ತಾರೋ, ಕರೆಸುತ್ತಾರೋ ಇಲ್ಲವೋ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. "ಹೇಳುವುದಿಲ್ಲ" ಎಂದೆ. "ಹಾಗಾದ್ರೆ ಆ ಮಾತು ನಿನ್ನದಲ್ಲ ಅಂತಾದ್ರೂ ಹೇಳು." ಅದನ್ನೂ ಹೇಳುವುದಿಲ್ಲ ಎಂದೆ. ನಾನಲ್ಲ ಎಂದರೆ ಮತ್ತೆ ಯಾರು ಎಂದು ಬೆಂಚು ಬೆಂಚು ಹುಡುಕಲು ಹೊರಡುತ್ತಾರೆ. ಆ ಬೆಂಚುಗಳಲ್ಲಿ ದಿನಾ ಪೆಟ್ಟು ತಿನ್ನುವವರೂ ಇದ್ದರು. ನನ್ನ ಗಂಡ ಒಳ್ಳೆಯ ಮನುಷ್ಯ. ಒಳ್ಳೆಯವರಾಗಿದ್ದುಕೊಂಡೇ ಏನೂ ಮಾಡದೆ ಕೂರುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು. ಕೊಡೆ ಮೂಲೆಗಿಟ್ಟು ಒಳಗೆ ಹೋದರು.

ಮಾವ ಸಂಜೆ ಬಂದರು. ಕಲ್ಲಿನ ಮೇಲೆ ನಿಂತರು. ನನ್ನ ಕಡೆ ನೋಡಲಿಲ್ಲ. ಒಳಗಿನಿಂದ ಚೊಂಬು ಹಿಡಿದು ಬರುತ್ತಿದ್ದ ಅತ್ತೆಗೆ ಹೇಳಿದರು:

"ಕೇಳಿತಾ? ನಿನ್ನ ಸೊಸೆ ಊರ ಹೆಂಗಸರಿಗೆಲ್ಲ ಪಾಠ ಹೇಳಿಕೊಟ್ಟಿದ್ದಾಳೆ. ದೇವಸ್ಥಾನದಲ್ಲಿ ನಾನು ತಲೆ ತಗ್ಗಿಸುವ ಹಾಗಾಯ್ತು. ಹೌದೋ ಅಲ್ಲವೋ ಕೇಳು."

"ಹೌದು ಮಾವ" ಎಂದೆ. ನನ್ನ ಧ್ವನಿ ಅಂಗಳದಲ್ಲಿ ಅಷ್ಟು ದೊಡ್ಡದಾಗಿ ಕೇಳಿಸಿದ್ದು ಅದೇ ಮೊದಲು. "ನಾನೇ ಹೇಳಿದ್ದು."

"ಸರಿ. ನಾಳೆ ಬೆಳಿಗ್ಗೆಯ ಬಸ್ಸಿಗೆ ಹತ್ತಿಸಿ. ಅಪ್ಪನ ಎಸ್ಟೇಟಿನ ಲೈನಿನಲ್ಲಿ ಕೂತು ಎಷ್ಟು ಬೇಕಾದರೂ ಕಥೆ ಹೇಳಲಿ." ಅವರು ಬಲಗಾಲು ಮುಂದೆ ಚಾಚಿದರು. "ನೀರು ಹಾಕು."

ಅತ್ತೆ ಚೊಂಬು ಹಿಡಿದುಕೊಂಡೇ ನಿಂತಿದ್ದರು. ಮಾಡಿನ ನೀರು ಅವರ ಹೆಗಲ ಮೇಲೆ ಬೀಳುತ್ತಿತ್ತು. ಬಗ್ಗಲಿಲ್ಲ.

"ಅವಳು ಹೇಳಿದ್ದು ಬೇರೆ" ಎಂದರು. "ನೀರು ಇಟ್ಟಿದ್ದೇನೆ, ತೊಳ್ಕೊಂಡು ಒಳಗೆ ಬನ್ನಿ ಅಂತ ಮರ್ಯಾದೆಯಲ್ಲೇ ಹೇಳಿದ್ಲು. ಅಷ್ಟು ಸಾಕಾಗ್ಲಿಲ್ಲ ಅಂತ ಕಂಡಿತು ನನಗೆ. ಉಳಿದದ್ದು ನಾನು ಸೇರಿಸಿದ್ದು. ಕೊನೇ ಬೆಂಚಿನಲ್ಲಿ ಕೂತದ್ದು ನಾನು."

ಮಾವನ ಕಾಲು ಚಾಚಿದ ಹಾಗೇ ಇತ್ತು. ಅಂದು ಹಿಂದಿನಿಂದ ಹೊರಟು ಬಂದ ನಗು ನನಗೆ ಆಗ ಅರ್ಥವಾಯಿತು. ಯಾರಿಗೂ ಮೈ ತಾಗಿಸದೆ ತುದಿಯಲ್ಲಿ ಕೂರುವ ಅತ್ತೆ ಯಾರ ಕಿವಿಗೆ ಬಾಯಿಟ್ಟು ಅದನ್ನು ಹೇಳಿದ್ದರೋ! ನನಗೆ ಅಳು ಬಂತು, ಸಿಟ್ಟಿನಿಂದಲ್ಲ.

"ಬಸ್ಸಿಗೆ ಹತ್ತಿಸುವುದಾದರೆ ನನ್ನನ್ನೂ ಹತ್ತಿಸಿ" ಎಂದರು ಅತ್ತೆ. "ಇಲ್ಲದಿದ್ದರೆ ಶುಕ್ರವಾರ ಇಬ್ಬರೂ ಸಿನಿಮಾಕ್ಕೆ ಹೋಗ್ತೇವೆ. ದೇವರದ್ದಲ್ಲ. ಯಾವತ್ತೂ ದೇವರದ್ದಾಗಿರಲಿಲ್ಲ."

ಆಮೇಲೆ ಚೊಂಬನ್ನು ಕಲ್ಲಿನ ಮೇಲೆ, ಮಾವನ ಕಾಲಿನ ಪಕ್ಕದಲ್ಲಿ ಇಟ್ಟರು. "ಚೊಂಬು ಅಲ್ಲುಂಟು" ಎಂದರು. ಉಳಿದರ್ಧ ಹೇಳಲೇ ಇಲ್ಲ. ಒಳಗೆ ಹೋದರು.

ಉಳಿದರ್ಧ ಮಾವನಿಗೂ ಗೊತ್ತಿತ್ತು, ಊರಿಗೇ ಗೊತ್ತಿತ್ತಲ್ಲ. ಅವರು ಬಹಳ ಹೊತ್ತು ಮಳೆಯಲ್ಲಿ ನಿಂತಿದ್ದರು. ನಾವು ಅಡಿಗೆಮನೆಯಲ್ಲಿ ಒಲೆಯ ಮುಂದೆ ಕೂತು ಕಿವಿ ಆ ಕಡೆಗೇ ಇಟ್ಟಿದ್ದೆವು. ಅತ್ತೆ ಊದಿದ ಬೆರಳುಗಳನ್ನು ಬೆಂಕಿಗೆ ಹಿಡಿದಿದ್ದರು. ಕೊನೆಗೆ ಅಂಗಳದಲ್ಲಿ ಚೊಂಬು ಕಲ್ಲಿಗೆ ತಾಗಿದ ಸದ್ದು, ನೀರು ಸುರಿದ ಸದ್ದು ಕೇಳಿಸಿತು. ಮರುದಿನ ಬೆಳಿಗ್ಗೆ ಬಸ್ಸಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಶುಕ್ರವಾರ ಹೋದೆವು. ಟಿಕೆಟು ಹರಿಯುವವನೂ ನನ್ನ ಮುಖ ನೋಡಿ ಮಾತಾಡಬಾರದು ಎಂದ. ಅತ್ತೆ ಅವನನ್ನು ದಾಟಿ ಒಳಗೆ ನಡೆದರು. ಬಾಗಿಲ ಪಕ್ಕದ ತಮ್ಮ ಜಾಗದಲ್ಲಿ ಕೂರಲಿಲ್ಲ. ಒದ್ದೆ ಸೀರೆಗಳನ್ನೂ ಮೀನಿನ ಚೀಲಗಳನ್ನೂ ಮುಟ್ಟಿಕೊಂಡೇ ಮುಂದೆ ಬಂದು, "ಸ್ವಲ್ಪ ಸರಿ" ಎಂದು ನನ್ನನ್ನು ಅತ್ತ ತಳ್ಳಿ ಮೊದಲನೆಯ ಬೆಂಚಿನಲ್ಲಿ ಕೂತರು. ದೀಪ ಆರಿತು. ಮಳೆ ಇನ್ನೂ ಶುರುವಾಗಿರಲಿಲ್ಲ, ಪರದೆಯ ಮೇಲಿನವರ ಮಾತು ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅತ್ತೆ ಅದಕ್ಕೆ ಬೆನ್ನು ಹಾಕಿ ಹಿಂದಿನ ಬೆಂಚಿನ ಕಡೆಗೆ ತಿರುಗಿದರು.