ಡಾಕ್ಟರ ದನಿಯಲ್ಲಿ ಒಂದು ಪ್ಯಾಕೆಟ್ ಉಪ್ಪು

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಟ್ಟರೆ ನನಗೂ ಹಗುರ, ನಿಮಗೂ ಬೈಯಲು ಅನುಕೂಲ. ನಿನ್ನೆ ರಾಯಚೂರಿನ ಅಂಗಡಿಯೊಂದರಲ್ಲಿ ಕೆಂಪು ಹೃದಯದ ಚಿತ್ರವಿದ್ದ ಉಪ್ಪಿನ ಪ್ಯಾಕೆಟ್ ಕಣ್ಣಿಗೆ ಬಿತ್ತು. ಅಂಥದೇ ಪ್ಯಾಕೆಟ್ಟಿನಿಂದ ಎರಡು ವರ್ಷದ ಹಿಂದೆ ನಾನು ನಮ್ಮ ದೊಡ್ಡವ್ವನನ್ನು ಆಸ್ಪತ್ರೆಗೆ ಸೇರಿಸಿದ್ದೆ.

ದೊಡ್ಡವ್ವ ಇರುವುದು ದೇವದುರ್ಗದಲ್ಲಿ. ಅವಳ ಕಿಡ್ನಿ ಸೋತದ್ದು ಗೊತ್ತಾದಾಗ ಡಾಕ್ಟರು ಉಪ್ಪಿನಕಾಯಿ, ಹಪ್ಪಳ ಬಿಡಿಸಿ, ಉಪ್ಪನ್ನು ಚಿಟಿಕೆಗೆ ಇಳಿಸಿದರು. ಎಣ್ಣೆಯದು ತಕರಾರಾಗಲಿಲ್ಲ. ಡಾಲ್ಡಾ ಬೇಡ, ಕುಸುಬೆ ಎಣ್ಣೆ ಸಾಕು, ಅದೂ ಅಳತೆಯಲ್ಲಿ ಎಂದರು. ಕುಸುಬೆ ಎಣ್ಣೆ ಅವಳಿಗೆ ಹುಟ್ಟಿದಾಗಿನ ಗೆಳತಿ. ತೊಡಕಾದದ್ದು ಹಿಂಡಿ, ಅಂದರೆ ಚಟ್ನಿಪುಡಿ. ನಮ್ಮ ಕಡೆ ರೊಟ್ಟಿಯ ಪಕ್ಕ ಅಗಸಿ ಪುಡಿಯ ಹಿಂಡಿ ಹಾಕಿಕೊಂಡು, ನಡುವೆ ಬೆರಳಿನಿಂದ ಕುಣಿ ಮಾಡಿ ಎಣ್ಣೆ ಬಿಟ್ಟುಕೊಳ್ಳದಿದ್ದರೆ ಊಟ ಶುರುವಾದಂತೆಯೇ ಅಲ್ಲ.

"ಉಪ್ಪಿಲ್ಲದ ಹಿಂಡಿ ಅಂದ್ರ ಮಣ್ಣ ಮುಕ್ಕಿದಂಗ ನೋಡಪಾ," ಎಂದು ತಾಟು ಸರಿಸುತ್ತಿದ್ದಳು. ಎರಡು ರೊಟ್ಟಿ ಒಂದಾಯಿತು, ಒಂದು ಅರ್ಧವಾಯಿತು. ಕೈಬಳೆ ಮೊಣಕೈವರೆಗೆ ಜಾರತೊಡಗಿತು.

ನಾನು ಬುದ್ಧಿವಂತನಲ್ಲವೇ? 'ಸೋಡಿಯಂ ಕಡಿಮೆ' ಎಂದು ಬರೆದಿದ್ದ ಉಪ್ಪು ಹಿಡಿದು ಬಸ್ಸು ಹತ್ತಿದೆ. ಅವಳು ಮುಟ್ಟಲಿಲ್ಲ. "ಡಾಕ್ಟರ್ ಹೇಳ್ಲಿ, ತಿಂತೀನಿ. ನಿನ್ನ ಮಾತಿಗೆ ನಾ ನೀರೂ ಕುಡಿಯಂಗಿಲ್ಲ."

ಅಷ್ಟೇ ತಾನೇ? ನನ್ನ ಗಂಟಲಲ್ಲಿ ಅರ್ಧ ಜಿಲ್ಲೆ ಕೂತಿದೆ: ಮಾನವಿ ಬಸ್ಸಿನ ಕಂಡಕ್ಟರು, ನಮ್ಮ ಹೆಡ್‌ಮಾಸ್ತರು, ಸಿಟ್ಟು ಬಂದಾಗಿನ ನಮ್ಮಪ್ಪ. ಪ್ಯಾಕೆಟ್ ಅಲ್ಲೇ ಬಿಟ್ಟು ರಾಯಚೂರಿಗೆ ಮರಳಿ, ಗೆಳೆಯನ ಫೋನಿನಿಂದ ಡಾಕ್ಟರಂತೆಯೇ ಎರಡು ಸಲ ಕೆಮ್ಮಿದೆ. "ಹಾಂ... ಯವ್ವಾ, ಆರಾಮಿದ್ದೀರಿ? ಆ ಹೊಸಾ ಉಪ್ಪು ಅದ ಅಲ್ರಿ, ಅದನ್ನ ತಿನ್ರಿ. ಏನೂ ಆಗಂಗಿಲ್ಲ."

"ಹೂನ್ರಿ ಸಾಹೇಬ್ರ!" ಆ ದನಿಯ ಖುಷಿ ಕೇಳಿ ನಾನು ಉಬ್ಬಿಹೋದೆ.

ತಿಂಗಳ ನಂತರ ರಕ್ತ ಪರೀಕ್ಷೆಯ ಚೀಟಿ ನೋಡಿದ ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. "ಏನ್ ತಿನ್ನಾಕತ್ತೀರಿ ಯವ್ವಾ?"

"ನೀವ ಫೋನ್ ಮಾಡಿ ಹೇಳಿದ ಉಪ್ಪು ರೀ."

ಜೊತೆಗೆ ಹೋಗಿದ್ದ ನಾನು ಎಲ್ಲ ಒಪ್ಪಿಕೊಂಡೆ. ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಅದರಾಗ ಸೋಡಿಯಂ ತೆಗೆದು ಪೊಟ್ಯಾಶಿಯಂ ಹಾಕಿರ್ತಾರ. ಸೋತ ಕಿಡ್ನಿ ಅದನ್ನ ಹೊರಗ ಹಾಕಂಗಿಲ್ಲ. ಇನ್ನೊಂದಿಷ್ಟು ಏರಿದ್ರ ಹೃದಯ ನಿಲ್ತಿತ್ತು," ಎಂದರು. ಮೂರು ದಿನ ದೊಡ್ಡವ್ವ ಎದೆಗೆ ತಂತಿ ಅಂಟಿಸಿಕೊಂಡು ಮಲಗಿದ್ದಳು. ನಾನು ಬಾಗಿಲ ಹೊರಗಿದ್ದೆ, ಯಾರ ದನಿಯೂ ಬಾರದೆ.

ಅಂದಿನಿಂದ ನಾನು ಪ್ಯಾಕೆಟ್ಟಿನ ಹಿಂಬದಿ ಓದುವವನಾಗಿದ್ದೇನೆ. ನಿನ್ನೆ ಆ ಉಪ್ಪನ್ನು ಇದ್ದಲ್ಲೇ ಬಿಟ್ಟು, ಕುಸುಬೆ ಎಣ್ಣೆ ಕೊಂಡು ದೇವದುರ್ಗಕ್ಕೆ ಹೋದೆ. ದೊಡ್ಡವ್ವ ಈಗ ಬೆಳ್ಳುಳ್ಳಿ ಸುಟ್ಟು, ಜೀರಿಗೆ ಹುರಿದು, ನಾಲ್ಕು ಹನಿ ನಿಂಬೆ ಹಿಂಡಿ, ಚಿಟಿಕೆ ಉಪ್ಪಿನಲ್ಲೇ ಹಿಂಡಿಯನ್ನು ಗೆಲ್ಲಿಸುತ್ತಾಳೆ. ದಿನಕ್ಕೊಂದು ಚಮಚ, ಡಾಕ್ಟರು ಹೇಳಿದಷ್ಟು. ರೊಟ್ಟಿ ಮುರಿಯುತ್ತ, ಎರಡು ವರ್ಷದಿಂದ ಆಡಲಾಗದ ಮಾತು ಆಡಿದೆ.

"ತಪ್ಪಾತು ದೊಡ್ಡವ್ವಾ. ಡಾಕ್ಟರ್ ದನಿ ಅಷ್ಟು ಛಲೋ ಬಂತು ನೋಡು, ಅವರಿಗೆ ಗೊತ್ತಿದ್ದದ್ದೆಲ್ಲ ನನಗೂ ಗೊತ್ತದ ಅಂತ ನಾನ ನಂಬಿಬಿಟ್ಟೆ."

ಅವಳು ನನ್ನ ತಾಟಿಗೆ ಎಣ್ಣೆ ಬಿಡುತ್ತ, ತಲೆ ಎತ್ತದೆ ಅಂದಳು: "ಕತ್ತೆ ಒದರಿದಂಗೂ ಭಾಳ ಛಂದ ಒದರ್ತಿ. ಹಂಗಂತ ಯಾರರ ನಿನ್ನ ಬೆನ್ನ ಮ್ಯಾಲ ಮೂಟಿ ಹೇರ್ಯಾರೇನಲೇ?"