ಅಣ್ಣನ ಎದುರು ಕಪ್ಪು ಕಾಯಿ

ಹಾವೇರಿಯ ಚೆಸ್ ಟೂರ್ನಮೆಂಟಿನಲ್ಲಿ ಎರಡನೆಯ ದಿನದ ಜೋಡಿಗಳ ಪಟ್ಟಿ ಅಂಟಿಸಿದಾಗ, ನನ್ನ ಎದುರಾಳಿ ಅಣ್ಣ ಎಂದು ಗೊತ್ತಾಯಿತು. ಅವನಿಗೆ ಬಿಳಿ, ನನಗೆ ಕಪ್ಪು.

ಇದು ಎಂಬತ್ತರ ದಶಕದ ಕೊನೆಯ ಮಾತು. ಶಾಲೆಯಲ್ಲಿ ನನ್ನ ಜೊತೆ ಪಾಠ ಮಾಡುತ್ತಿದ್ದ ಬೇರೆ ಜಾತಿಯವರೊಬ್ಬರನ್ನು ಮದುವೆಯಾಗಿ ಹಾವೇರಿಯಲ್ಲಿ ಮನೆ ಮಾಡಿದ್ದೆ. ಅಂದಿನಿಂದ ಬ್ಯಾಡಗಿಯ ತವರಿನ ಬಾಗಿಲು ಮುಚ್ಚಿತ್ತು. ನನ್ನ ಹೆಸರನ್ನೇ ಎತ್ತಕೂಡದೆಂದು ಅಪ್ಪ ಹೇಳಿದ್ದನಂತೆ. ಅಣ್ಣನೂ ಮಾತು ಬಿಟ್ಟಿದ್ದ. ನನಗೆ ಚೆಸ್ ಕಲಿಸಿದವನು ಅವನೇ. ನಮ್ಮ ಮೆಣಸಿನಕಾಯಿ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಚೀಲದ ಮೇಲೆ ಹಲಗೆ ಇಟ್ಟು, ಘಾಟಿಗೆ ಸೀನುತ್ತ ಆಡುತ್ತಿದ್ದೆವು.

ಅವನು ಬಂದು ಕುಳಿತ. ರಾಜನ ಮುಂದಿನ ಪ್ಯಾದೆಯನ್ನು ಎರಡು ಮನೆ ನಡೆಸಿ ಗಡಿಯಾರ ಒತ್ತಿದ. ನಾನು ಸಿಸಿಲಿಯನ್ ಎಂಬ ಆರಂಭದ ಪಟ್ಟು ಆಡಿದೆ. ಕಪ್ಪಿನಲ್ಲಿ ಗೆಲ್ಲಬೇಕಾದರೆ ಅದನ್ನೇ ಆಡು ಎಂದು ಹೇಳಿಕೊಟ್ಟವನೂ ಅವನೇ. ಅವನು ತಲೆ ಎತ್ತಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವನ ಪ್ಯಾದೆಗಳು ನನ್ನ ರಾಜನ ಮೇಲೆ ಏರಿ ಬರತೊಡಗಿದವು. ತಡೆಯುತ್ತ ಕುಳಿತರೆ ಸೋಲುವುದು ಖಚಿತವಿತ್ತು. ಆನೆಯನ್ನು ಬಲಿಕೊಟ್ಟು, ಅವನ ರಾಜನಿಗೆ ಕಾವಲಿದ್ದ ಕುದುರೆಯನ್ನು ತೆಗೆದುಬಿಟ್ಟೆ. ಬಹಳ ಹೊತ್ತು ಯೋಚಿಸಿದ. ಆಮೇಲೆ ಅವನ ರಾಜನಿಗೆ ಅಡಗಲು ಜಾಗ ಸಿಗಲೇ ಇಲ್ಲ. ಕೊನೆಗೆ ಗಡಿಯಾರ ನಿಲ್ಲಿಸಿ ಕೈ ಚಾಚಿದ. ಗೆದ್ದ ಖುಷಿ ಆಗಲಿಲ್ಲ. ಹಿಡಿದ ಕೈ ಬಿಡಲು ಮನಸ್ಸು ಬರಲಿಲ್ಲ, ಅಷ್ಟೇ.

ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಆಟವನ್ನು ಮತ್ತೊಮ್ಮೆ ಹಾಕಿ ನೋಡಿದೆವು. ಆಟಗಾರರ ರೂಢಿ ಅದು.

“ನೀ ಆನಿ ಕೊಡ್ತಿ ಅಂತ ಅನ್ಕೊಂಡಿದ್ದಿಲ್ಲ,” ಎಂದ.

“ಅಣ್ಣಾ, ಅವ್ವ ಹೆಂಗದಾಳ?”

ಅವನು ಕಾಯಿಗಳನ್ನು ಎತ್ತಿಡತೊಡಗಿದ. “ಮೊಣಕಾಲ ಬ್ಯಾನಿ ಐತಿ. ನಿನ್ನ ನೆನಸಿ ಅಳತಾಳ.”

“ನಾ ಒಮ್ಮೆ ಬರ್ಲೇನು?”

“ಬ್ಯಾಡ. ಅಪ್ಪ ಇನ್ನೂ ಹಂಗ ಅದಾನ.” ಎದ್ದು ಬಸ್ ಸ್ಟ್ಯಾಂಡಿನ ಕಡೆ ನಡೆದ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವ್ವ ಒಬ್ಬಳೇ ನಮ್ಮ ಬಾಗಿಲಿಗೆ ಬಂದಳು. “ನಿಮ್ಮಣ್ಣ ಬಸ್ ಹತ್ತಿಸಿ ಕಳಿಸ್ಯಾನ. ನಿಮ್ಮಪ್ಪಗ ಗೊತ್ತಿಲ್ಲ,” ಎಂದಳು. ಒಳಗೆ ಬರಲು ಹಿಂಜರಿದು ಹೊಸ್ತಿಲ ಆಚೆಯೇ ನಿಂತಳು. ನಮ್ಮ ಮನೆಯವರು ತಂಬಿಗೆಯಲ್ಲಿ ನೀರು ತಂದು, “ಬರ್ರಿ, ಕುಂದ್ರಿ,” ಎಂದರು. ಅವ್ವ ಅವರ ಮುಖವನ್ನೊಮ್ಮೆ ನೋಡಿದಳು. ತಂಬಿಗೆ ಇಸಿದುಕೊಂಡು ನಿಂತಲ್ಲೇ ನೀರು ಕುಡಿದು, ಒಳಗೆ ಬಂದಳು.

ಅಪ್ಪ ಮಾತ್ರ ಸಾಯುವ ತನಕ ಬರಲಿಲ್ಲ.