ಡೆಲಿಕೇಟ್ ವಿಷಯ

ಬೆಳಕು ಹರಿಯುವ ಮೊದಲೇ ರೂಪಶ್ರೀ ಹಂಡೆಗೆ ನೀರು ಹೊತ್ತು, ಒಲೆ ಹಚ್ಚಿ, ಮನೆಮಂದಿಗೆಲ್ಲ ರೊಟ್ಟಿ ತಟ್ಟಿ, ಕಣದ ಕಾಫಿ ಗುಡ್ಡೆಗಳ ಮೇಲಿನ ಟಾರ್ಪಾಲು ಎಳೆದು ತೆಗೆದಿದ್ದಳು. ಗರ್ಭಕೋಶ ಜಾರಿದೆ, ಭಾರ ಎತ್ತಬೇಡಿ, ಬೇಗ ಆಪರೇಷನ್ ಮಾಡಿಸಿ ಎಂದು ಡಾಕ್ಟರು ಅವಳಿಗೆ ಹೇಳಿದ್ದು ಹೋದ ವರ್ಷದ ಕೊಯ್ಲಿನಲ್ಲಿ.

"ಇವತ್ತಾದ್ರೂ ಆಸ್ಪತ್ರೆಗೆ ಹೋಗೋಣ್ವಾ?"

ಗಂಡ ನಂದನ್ ಅತ್ತಿತ್ತ ನೋಡಿದ. "ಮೆಲ್ಲಗೆ ಮಾತಾಡು ಮಾರಾಯ್ತಿ, ಆಳುಗಳು ಬರೋ ಹೊತ್ತು. ಇದೆಲ್ಲ ಡೆಲಿಕೇಟ್ ವಿಷಯ. ಕೊಯ್ಲು ಮುಗೀಲಿ."

ಅವನ ತಂಗಿ ಆಸ್ತಿಯಲ್ಲಿ ಪಾಲು ಕೇಳಿದಾಗಲೂ, ಆಳು ಹೆಂಗಸರು ಕಕ್ಕಸು ಕೇಳಿದಾಗಲೂ ಅದು ಡೆಲಿಕೇಟ್ ಆಗಿತ್ತು. ಆನೆ ತೋಟಕ್ಕೆ ನುಗ್ಗಿದಾಗ ಮಾತ್ರ ಊರಿಗೇ ಕೇಳುವಂತೆ ಕೂಗುತ್ತಿದ್ದ.

"ಮೂಟೆ ಎತ್ತೋವಾಗ ನಾನು ಡೆಲಿಕೇಟ್ ಅಲ್ವೇನ್ರೀ?"

ಅವನು ಆಗಲೇ ತೋಟಕ್ಕೆ ಇಳಿದಿದ್ದ. ಬಿಸಿಲಿಗೆ ಹರವದೆ ಬಿಟ್ಟರೆ ಕಾಫಿಗೆ ಬೂಸ್ಟು ಹಿಡಿಯುತ್ತದೆಂದು ಅವಳಿಗೆ ಗೊತ್ತಿತ್ತು. ಆದರೂ ಡಾಕ್ಟರ ಚೀಟಿ ತೆಗೆದುಕೊಂಡು, ಗುಡ್ಡೆಗಳನ್ನು ಹಾಗೇ ಬಿಟ್ಟು, ಬಣಕಲ್‌ನಲ್ಲಿ ಬಸ್ಸು ಹತ್ತಲು ಒಬ್ಬಳೇ ಹೊರಟಳು.